ಸುಳಿ ತಿಂದವರಾರು? ಕಾಂಡಕೊರಕ ಪತಂಗವೋ, ಕಾಡುಕುರಿಯೋ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಭತ್ತದ ಗದ್ದೆಗಳಿಗೂ ಬಯಲುಸೀಮೆಯ ಗದ್ದೆಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಗದ್ದೆ ಮುಗಿದಲ್ಲೇ ಕಾಡು ಆರಂಭವಾಗುತ್ತದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ತಗ್ಗಿನಲ್ಲಿ ಭತ್ತದ ಗದ್ದೆ, ಅದರ ಮೇಲ್ತುದಿಯಲ್ಲಿ ಅಡಿಕೆ ತೋಟ, ತೋಟಕ್ಕೆ ತಾಗಿದಂತೆ ಸೊಪ್ಪಿನ ಬೆಟ್ಟ, ಅದರಾಚೆ ಬ್ಯಾಣ ಮತ್ತು ಕಾನು. ಇಂತಹ ಗದ್ದೆಗೆ ಹುಳುವೂ ಬರುತ್ತದೆ, ಕಾಡುಪ್ರಾಣಿಯೂ ಬರುತ್ತದೆ. ಎರಡೂ ಕತ್ತಲಲ್ಲಿ ಬಂದು ಹೋಗುವುದರಿಂದ ಬೆಳಗಿನ ಹೊತ್ತು ರೈತನ ಕಣ್ಣಿಗೆ ಬೀಳುವುದು ಹಾಳಾದ ಪೈರು ಮಾತ್ರ.

ನಾಟಿಯಾಗಿ ತಿಂಗಳೊಪ್ಪತ್ತು ಕಳೆದ ಮೇಲೆ ಈ ಭಾಗದಲ್ಲಿ ಒಂದು ದೂರು ಕೇಳಿಬರುವುದುಂಟು. "ಕಾನಿನ ಅಂಚಿನ ಗದ್ದೆಯಲ್ಲಿ ಸುಳಿ ಒಣಗಿದೆ. ಬದುವಿನ ಮೇಲೆ ಗೊರಸಿನ ಗುರುತಿದೆ. ರಾತ್ರಿ ಕಾಡುಕುರಿ ಕೂಗಿದ್ದನ್ನು ನಾವೇ ಕೇಳಿದ್ದೇವೆ. ಅದೇ ಬಂದು ಸುಳಿ ತಿಂದಿದೆ" ಎನ್ನುವವರಿದ್ದಾರೆ. ಇದಕ್ಕೆ ವಿರುದ್ಧವಾಗಿ, ಪೈರಿನ ತುದಿ ಹೋಗಿರುವುದನ್ನು ಕಂಡ ಕೂಡಲೇ "ಹುಳ ಬಿದ್ದಿದೆ" ಎಂದು ಅಂಗಡಿಗೆ ಹೋಗಿ ಔಷಧಿ ತಂದು ಸಿಂಪಡಿಸುವವರೂ ಇದ್ದಾರೆ. ಮೊದಲನೆಯವರು ಬೇಲಿಯ ಕಂಡಿಗೆ ಉರುಳು ಕಟ್ಟುತ್ತಾರೆ. ಸುಳಿಯೊಳಗಿನ ಹುಳು ತನ್ನ ಪಾಡಿಗೆ ತಾನು ತಿನ್ನುತ್ತಲೇ ಇರುತ್ತದೆ. ಎರಡನೆಯವರು ಹಣ ಖರ್ಚು ಮಾಡುತ್ತಾರೆ. ಮರುದಿನ ಸಂಜೆ ಅದೇ ಪ್ರಾಣಿ ಅದೇ ದಾರಿಯಲ್ಲಿ ಬರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇಂತಹ ಕಡೆ ಸರಿಯಾಗಿ ಹೊಂದುತ್ತದೆ.

ಭತ್ತದ ಹಳದಿ ಕಾಂಡಕೊರಕ ಪತಂಗ ಮತ್ತು ಕಾಡುಕುರಿ, ಈ ಎರಡು ಜೀವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಇವುಗಳ ಬದುಕು ಎಷ್ಟು ಭಿನ್ನವೆಂಬುದು ತಿಳಿದರೆ ಪರಿಹಾರಗಳು ಏಕೆ ಭಿನ್ನವಾಗಿರಬೇಕೆಂಬುದೂ ತಿಳಿಯುತ್ತದೆ.

ಪತಂಗದ ಪರಿಚಯ

ಹಳದಿ ಕಾಂಡಕೊರಕದ ಶಾಸ್ತ್ರೀಯ ಹೆಸರು ಸ್ಕಿರ್ಪೋಫೇಗಾ ಇನ್ಸರ್ಟುಲಾಸ್. ಹೆಣ್ಣು ಪತಂಗದ ಮುಂದಿನ ರೆಕ್ಕೆಗಳು ಹುಲ್ಲಿನ ಹಳದಿ ಬಣ್ಣದವು. ಪ್ರತಿಯೊಂದು ರೆಕ್ಕೆಯ ನಡುವೆ ಒಂದು ಸ್ಪಷ್ಟವಾದ ಕಪ್ಪು ಚುಕ್ಕೆ ಇರುತ್ತದೆ. ಗಂಡು ಚಿಕ್ಕದು, ಬಣ್ಣ ಮಾಸಲು ಕಂದು. ಈ ಪತಂಗ ಭತ್ತವನ್ನು ತಿನ್ನುವುದಿಲ್ಲ. ಬದುಕಿರುವ ಒಂದು ವಾರದಷ್ಟು ಅವಧಿಯಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಕೂಡುವುದು, ಮೊಟ್ಟೆ ಇಡುವುದು, ಸಾಯುವುದು, ಇಷ್ಟೇ ಅದರ ಕೆಲಸ. ಹಾನಿಯೆಲ್ಲ ಅದರ ಮರಿಹುಳುವಿನದು.

ಹೆಣ್ಣು ಪತಂಗ ಎಲೆಯ ತುದಿಯ ಬಳಿ ಗುಂಪಾಗಿ ಮೊಟ್ಟೆಗಳನ್ನಿಟ್ಟು ತನ್ನ ಹಿಂಭಾಗದ ಕಂದು ಬಣ್ಣದ ರೋಮಗಳಿಂದ ಮುಚ್ಚುತ್ತದೆ. ನೋಡಿದವರಿಗೆ ಎಲೆಯ ಮೇಲೆ ಚೂರು ಹತ್ತಿ ಅಂಟಿಕೊಂಡಂತೆ ಕಾಣುತ್ತದೆ. ಒಂದು ಪತಂಗ ಹೀಗೆ ಹಲವು ಗುಂಪುಗಳಲ್ಲಿ ಒಟ್ಟು ನೂರರಿಂದ ಇನ್ನೂರು ಮೊಟ್ಟೆಗಳನ್ನಿಡುತ್ತದೆ. ಐದರಿಂದ ಎಂಟು ದಿನಗಳಲ್ಲಿ ಮರಿಗಳು ಹೊರಬಂದು, ರೇಷ್ಮೆಯಂತಹ ಎಳೆಯಲ್ಲಿ ನೇತಾಡಿ, ಗಾಳಿಗೆ ಪಕ್ಕದ ಪೈರುಗಳಿಗೆ ಹರಡುತ್ತವೆ. ಆಮೇಲೆ ಎಲೆಯ ಒರೆ ಮತ್ತು ಕಾಂಡದ ಸಂದಿಯಲ್ಲಿ ಇಳಿದು ಒಳಗೆ ಕೊರೆದುಕೊಂಡು ಹೋಗುತ್ತವೆ. ಒಳಹೊಕ್ಕ ಹುಳು ಮೂರು ನಾಲ್ಕು ವಾರ ಅಲ್ಲಿಯೇ ತಿಂದು ಬೆಳೆದು, ಕಾಂಡದ ಬುಡದಲ್ಲಿ ಕೋಶಾವಸ್ಥೆಗೆ ಹೋಗಿ, ಮತ್ತೆ ಪತಂಗವಾಗಿ ಹೊರಬರುತ್ತದೆ. ಒಟ್ಟಾರೆ ನಲವತ್ತರಿಂದ ಅರವತ್ತು ದಿನಗಳಲ್ಲಿ ಒಂದು ಪೀಳಿಗೆ ಮುಗಿಯುತ್ತದೆ. ಮುಂಗಾರಿನ ಒಂದು ಬೆಳೆಯಲ್ಲಿ ಎರಡು ಮೂರು ಪೀಳಿಗೆಗಳಿಗೆ ಅವಕಾಶವುಂಟು.

ಕಾಡುಕುರಿಯ ಪರಿಚಯ

ಕಾಡುಕುರಿ ಎಂದು ಹೆಸರಿದ್ದರೂ ಇದು ಕುರಿಯ ಜಾತಿಯದಲ್ಲ. ಜಿಂಕೆ, ಕಡವೆಗಳ ಬಳಗಕ್ಕೆ ಸೇರಿದ ಸಣ್ಣ ಪ್ರಾಣಿ. ಶಾಸ್ತ್ರೀಯ ಹೆಸರು ಮುಂಟಿಯಾಕಸ್ ವಜಿನಾಲಿಸ್. ಭುಜದವರೆಗಿನ ಎತ್ತರ ಎರಡಡಿಯ ಆಸುಪಾಸು, ತೂಕ 20 ಕಿಲೋಗ್ರಾಂ ಮೀರಿ ಸ್ವಲ್ಪ ಹೆಚ್ಚು. ಮೈಬಣ್ಣ ಕೆಂಪು ಮಿಶ್ರಿತ ಕಂದು. ಗಂಡಿಗೆ ರೋಮದಿಂದ ಮುಚ್ಚಿದ ಉದ್ದನೆಯ ಬುಡದ ಮೇಲೆ ಚಿಕ್ಕ ಕೊಂಬುಗಳೂ ಮೇಲ್ದವಡೆಯಲ್ಲಿ ಚೂಪಾದ ಕೋರೆಹಲ್ಲುಗಳೂ ಇರುತ್ತವೆ. ಅಪಾಯ ಕಂಡಾಗ ನಾಯಿ ಬೊಗಳಿದಂತೆ ಕೂಗುವುದರಿಂದ ಇದರ ಇರವು ಎಲ್ಲರಿಗೂ ಗೊತ್ತು. ನಮ್ಮ ಕಾನುಗಳಲ್ಲಿರುವ ಬರ್ಕ ಇದಕ್ಕಿಂತ ಬಹಳ ಚಿಕ್ಕದು. ಮೂರು ಕಿಲೋಗ್ರಾಂ ಆಸುಪಾಸಿನ, ಮೈಮೇಲೆ ಬಿಳಿ ಚುಕ್ಕೆ ಪಟ್ಟೆಗಳಿರುವ, ಕೊಂಬಿಲ್ಲದ ಪ್ರಾಣಿ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಕಾಡುಕುರಿ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ ತಿರುಗುತ್ತದೆ. ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ ಕಾಡಿನ ಅಂಚಿಗೆ ಬರುತ್ತದೆ. ಚಿಗುರು, ಎಲೆ, ಎಳೆಹುಲ್ಲು ಮತ್ತು ಉದುರಿದ ಹಣ್ಣುಗಳು ಇದರ ಆಹಾರ. ಎಳೆಯ ಪೈರು ಅದರ ಕಣ್ಣಿಗೆ ಎಳೆಹುಲ್ಲೇ ಆಗಿರುವುದರಿಂದ ಅಂಚಿನ ಸಾಲುಗಳಿಗೆ ಬಾಯಿ ಹಾಕುವುದುಂಟು. ಆದರೆ ಒಂಟಿ ಪ್ರಾಣಿಯಾದುದರಿಂದಲೂ ಕಾಡಿನ ಮರೆ ಬಿಟ್ಟು ಬಹಳ ದೂರ ಬರಲು ಅಂಜುವುದರಿಂದಲೂ ಇದರ ಹಾನಿ ಕಾಡುಹಂದಿ ಇಲ್ಲವೆ ಕಾಡುಕೋಣದ ಹಾನಿಗೆ ಸಮನಲ್ಲ. ಹಂದಿ ಹೊಕ್ಕ ಗದ್ದೆಯಲ್ಲಿ ಪೈರು ನೆಲಕ್ಕೆ ಮಲಗಿರುತ್ತದೆ. ಕಾಡುಕುರಿ ಹೊಕ್ಕ ಗದ್ದೆಯಲ್ಲಿ ಅಂಚು ಮಾತ್ರ ಕೊಂಚ ತಗ್ಗಿರುತ್ತದೆ.

ಸಂತಾನದ ಲೆಕ್ಕ

ಈಗ ಎರಡರ ಲೆಕ್ಕವನ್ನು ಹೋಲಿಸಿ ನೋಡೋಣ. ಒಂದು ಹೆಣ್ಣು ಪತಂಗ 150 ಮೊಟ್ಟೆ ಇಟ್ಟಿತೆಂದೂ ಅವೆಲ್ಲವೂ ಬದುಕಿದವೆಂದೂ ಅವುಗಳಲ್ಲಿ ಅರ್ಧ ಹೆಣ್ಣೆಂದೂ ಇಟ್ಟುಕೊಳ್ಳಿ. ಎರಡನೆಯ ಪೀಳಿಗೆಗೆ 75 ಹೆಣ್ಣುಗಳಿಂದ 11,250 ಹುಳುಗಳಾದವು. ಮೂರನೆಯ ಪೀಳಿಗೆಗೆ 8,43,750. ಅಗೆ ಹಾಕಿದಾಗ ಬಂದ ಒಂದೇ ಪತಂಗದಿಂದ ಕೊಯ್ಲಿನ ಹೊತ್ತಿಗೆ ಎಂಟು ಲಕ್ಷ ಮೀರಿತು. ವಾಸ್ತವದಲ್ಲಿ ಹೀಗಾಗುವುದಿಲ್ಲ. ಜೇಡ, ಏರೋಪ್ಲೇನ್ ಚಿಟ್ಟೆ, ಹಕ್ಕಿ, ಬಾವಲಿ, ಮಳೆ, ಎಲ್ಲಕ್ಕಿಂತ ಮಿಗಿಲಾಗಿ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯಿಡುವ ಅತಿ ಚಿಕ್ಕ ಪರತಂತ್ರ ಕಣಜಗಳು ಬಹುಪಾಲನ್ನು ತೀರಿಸುತ್ತವೆ. ಪತಂಗದ ಸಂಖ್ಯೆ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಇರಬೇಕಾದರೆ 150ರಲ್ಲಿ ಎರಡು ಉಳಿದರೆ ಸಾಕು. 148 ಸಾಯಲೇಬೇಕು. ಈ 148ನ್ನು ಕೊಲ್ಲುವ ಕೆಲಸವನ್ನು ಪ್ರಕೃತಿ ಪುಕ್ಕಟೆಯಾಗಿ ಮಾಡಿಕೊಡುತ್ತಿದೆ.

ಕಾಡುಕುರಿಯ ಲೆಕ್ಕ ಬೇರೆ. ಅದರ ಗರ್ಭಾವಧಿ ಆರರಿಂದ ಏಳು ತಿಂಗಳು. ಹಾಕುವುದು ಸಾಮಾನ್ಯವಾಗಿ ಒಂದೇ ಮರಿ. ಜೂನ್ ತಿಂಗಳಲ್ಲಿ ನೀವು ಅಗೆ ಹಾಕುವಾಗ ಗಬ್ಬವಾದ ಹೆಣ್ಣು ಕಾಡುಕುರಿ ಡಿಸೆಂಬರಿನಲ್ಲಿ ನೀವು ಕಣ ಮಾಡುವಾಗ ಒಂದು ಮರಿಯನ್ನು ಹಾಕುತ್ತದೆ. ಆ ಮರಿಗೆ ಚಿರತೆ, ಕಾಡುನಾಯಿ, ಊರನಾಯಿಗಳ ಭಯ ಬೇರೆ.

ಈ ಲೆಕ್ಕದಿಂದ ತಿಳಿಯಬೇಕಾದ ಪಾಠ ಸರಳವಾದುದು. ನೂರು ಪತಂಗಗಳಲ್ಲಿ ತೊಂಬತ್ತನ್ನು ಕೊಂದರೂ ಉಳಿದ ಹತ್ತು ಒಂದೆರಡು ಪೀಳಿಗೆಗಳಲ್ಲಿ ಹಿಂದಿನ ಸಂಖ್ಯೆಯನ್ನು ಮುಟ್ಟಬಲ್ಲವು. ಆದುದರಿಂದ ಪತಂಗವನ್ನು ನಿರ್ಮೂಲ ಮಾಡುತ್ತೇನೆಂಬ ಹಟ ವ್ಯರ್ಥ. ಪ್ರತಿ ವರ್ಷವೂ ಹಾನಿಯ ಮಟ್ಟಕ್ಕೆ ಏರದಂತೆ ತಡೆಯುವುದೇ ಜಾಣತನ. ಒಂದು ಸಣ್ಣ ಕಾನಿನಲ್ಲಿರುವುದು ಕೆಲವೇ ಕಾಡುಕುರಿಗಳು. ಉರುಳಿಗೆ ಒಂದು ಹೆಣ್ಣು ಬಿದ್ದರೆ ಆ ಜಾಗ ತುಂಬಲು ವರ್ಷಗಳೇ ಬೇಕು. ಸುತ್ತಲೂ ತೋಟ, ರಸ್ತೆ, ಹಿನ್ನೀರು ಬಂದು ಒಂಟಿಯಾಗಿ ಉಳಿದ ಕಾನಾದರೆ ತುಂಬದೆಯೇ ಹೋಗಬಹುದು. ಪತಂಗಕ್ಕೆ ಕೊಲ್ಲುವ ಉಪಾಯ ಸಾಕಾಗುವುದಿಲ್ಲ, ಕಾಡುಕುರಿಗೆ ಕೊಲ್ಲುವ ಉಪಾಯ ಬೇಕಾಗುವುದಿಲ್ಲ.

ಸುಳಿ ಎಲ್ಲಿದೆ ಎಂಬುದೇ ಮುಖ್ಯ

20 ಕಿಲೋಗ್ರಾಂ ತೂಗುವ ಪ್ರಾಣಿ ಮೇಯ್ದ ಪೈರು ಚೇತರಿಸಿಕೊಳ್ಳುತ್ತದೆ. ಅಂಗುಲಕ್ಕಿಂತ ಕಡಿಮೆ ಉದ್ದದ ಹುಳು ಹೊಕ್ಕ ತೆಂಡೆ ಸಾಯುತ್ತದೆ. ಇದು ವಿಚಿತ್ರವೆನಿಸಿದರೂ ಭತ್ತದ ಗಿಡದ ರಚನೆಯನ್ನು ತಿಳಿದವರಿಗೆ ವಿಚಿತ್ರವಲ್ಲ.

ಭತ್ತ ಹುಲ್ಲಿನ ಜಾತಿಯ ಗಿಡ. ಅದರ ಬೆಳೆಯುವ ಮೊಳಕೆಯು, ಅಂದರೆ ಹೊಸ ಎಲೆಗಳನ್ನೂ ಕೊನೆಗೆ ತೆನೆಯನ್ನೂ ಕೊಡುವ ಭಾಗವು, ಮೊದಲ ಹಂತದಲ್ಲಿ ಮೇಲಿರದೆ ತೆಂಡೆಯ ಬುಡದಲ್ಲಿ, ನೀರಿನ ಮಟ್ಟದ ಹತ್ತಿರ, ಎಲೆಯೊರೆಗಳ ಒಳಗೆ ಅಡಗಿರುತ್ತದೆ. ಮೇಯುವ ಪ್ರಾಣಿ ಕಚ್ಚಿಕೊಳ್ಳುವುದು ಮೇಲಿನ ಎಲೆಗಳನ್ನು. ಬುಡದ ಮೊಳಕೆ ಸುರಕ್ಷಿತವಾಗಿದ್ದರೆ ಕೆಲವು ದಿನಗಳಲ್ಲಿ ಹೊಸ ಎಲೆ ಮೇಲೆ ಬರುತ್ತದೆ. ಕೊರಕದ ಹುಳುವಾದರೋ ಒಳಗೇ ಇಳಿದು ಆ ಮೊಳಕೆಯ ಬುಡವನ್ನೇ ಕತ್ತರಿಸುತ್ತದೆ. ಹೊರಗಿನ ಎಲೆಗಳು ಹಸಿರಾಗಿದ್ದು ನಡುವಿನ ಸುಳಿ ಮಾತ್ರ ಒಣಗುವುದು ಈ ಕಾರಣದಿಂದ.

ತೆನೆ ಮೂಡುವ ಹಂತ ಬಂದ ಮೇಲೆ ಸ್ಥಿತಿ ಬದಲಾಗುತ್ತದೆ. ಕೊಯ್ಲಿಗೆ ಸುಮಾರು 65 ದಿನ ಮುಂಚೆ, ಅಂದರೆ 150 ದಿನದ ದೀರ್ಘಾವಧಿ ತಳಿಯಲ್ಲಿ ಬಿತ್ತಿದ 85 ದಿನಗಳ ಸುಮಾರಿಗೆ, ತೆಂಡೆಯೊಳಗೆ ತೆನೆ ಹುಟ್ಟಿ ಕಾಂಡದ ಜೊತೆ ಮೇಲೇರತೊಡಗುತ್ತದೆ. ಜೂನ್ ಮಧ್ಯದಲ್ಲಿ ಬಿತ್ತಿದ್ದರೆ ಇದು ಸೆಪ್ಟೆಂಬರ್ ಮೊದಲ ವಾರದ ಲೆಕ್ಕ. ಅಲ್ಲಿಂದ ಮುಂದೆ ಪ್ರಾಣಿ ಮೇಯ್ದರೂ ತೆನೆ ಹೋಗಬಹುದು, ಹುಳು ಕೊರೆದರೂ ತೆನೆ ಜೊಳ್ಳಾಗಿ ಬೆಳ್ಳಗೆ ನಿಲ್ಲುತ್ತದೆ. ಮೊದಲ ಹಂತದಲ್ಲಿ ಸುಳಿ ಸತ್ತ ಬುಡ ಪಕ್ಕದ ತೆಂಡೆಗಳಿಂದ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಳ್ಳುತ್ತದೆ. ಬಿಳಿ ತೆನೆಯ ನಷ್ಟವನ್ನು ತುಂಬಿಕೊಳ್ಳಲು ಗಿಡಕ್ಕೆ ಸಮಯವಿರುವುದಿಲ್ಲ. ಆದುದರಿಂದ ಕಾಯುವುದಾದರೆ ಸೆಪ್ಟೆಂಬರಿನಿಂದ ಹೆಚ್ಚು ಎಚ್ಚರದಿಂದ ಕಾಯಬೇಕು.

ಗುರುತಿಸುವ ಕ್ರಮ

ಔಷಧಿಯ ಅಂಗಡಿಗೆ ಹೋಗುವ ಮೊದಲು ಗದ್ದೆಗಿಳಿದು ಈ ಕೆಳಗಿನಂತೆ ಪರೀಕ್ಷಿಸಿ.

1. ಒಣಗಿದ ಸುಳಿಯನ್ನು ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕಿತ್ತು ಬಂದು, ಬುಡದಲ್ಲಿ ತಿಂದ ಗುರುತು ಇದ್ದರೆ ಅದು ಕಾಂಡಕೊರಕ. ತೆಂಡೆಯನ್ನು ಸೀಳಿದರೆ ಒಳಗೆ ಹಿಕ್ಕೆ ಅಥವಾ ಕಂದು ತಲೆಯ, ಮಾಸಲು ಹಳದಿ ಬಣ್ಣದ ಹುಳು ಸಿಗುತ್ತದೆ.

2. ಸುಳಿ ಒಣಗದೆ ಎಲೆಗಳ ತುದಿಯೇ ಹೋಗಿದ್ದರೆ ತುಂಡಾದ ಅಂಚನ್ನು ನೋಡಿ. ಕಾಡುಕುರಿಗೆ, ನಮ್ಮ ದನಕರುಗಳಿಗಿರುವಂತೆಯೇ, ಮೇಲ್ದವಡೆಯ ಮುಂಭಾಗದಲ್ಲಿ ಕತ್ತರಿಸುವ ಹಲ್ಲುಗಳಿಲ್ಲ. ಅದು ಎಲೆಯನ್ನು ಕಚ್ಚಿ ಹರಿಯುತ್ತದೆ. ಅಂಚು ಸಿಬಿರು ಸಿಬಿರಾಗಿರುತ್ತದೆ. ಮೊಲ ಕತ್ತರಿಸಿದ್ದರೆ ಕತ್ತಿಯಿಂದ ಓರೆಯಾಗಿ ಕೊಯ್ದಂತೆ ನುಣುಪಾಗಿರುತ್ತದೆ.

3. ನಾಟಿಯಾದ ಹೊಸತರಲ್ಲಿ ಸಸಿ ನೀರಿನ ಮಟ್ಟದಲ್ಲಿ ತುಂಡಾಗಿ ತೇಲುತ್ತಿದ್ದರೆ ಅದು ಏಡಿಯ ಕೆಲಸ. ಬದುವಿನಲ್ಲಿ ಅದರ ಬಿಲ ಹುಡುಕಿ.

4. ಸುಳಿಯ ಬದಲಿಗೆ ಈರುಳ್ಳಿ ಎಲೆಯಂತಹ ಬಿಳಿ ಕೊಳವೆ ಬಂದಿದ್ದರೆ ಅದು ಕಣೆ ನೊಣದ ಹಾನಿ, ಕಾಂಡಕೊರಕವಲ್ಲ.

5. ತೆನೆ ಬೆಳ್ಳಗಾಗಿದ್ದರೆ ಅದನ್ನೂ ಎಳೆದು ನೋಡಿ. ಸುಲಭವಾಗಿ ಕಿತ್ತು ಬಂದರೆ ಕೊರಕ. ಕಿತ್ತು ಬರದೆ ತೆನೆಯ ಕುತ್ತಿಗೆ ಕಪ್ಪಾಗಿ ಕೊಳೆತಿದ್ದರೆ ಕುತ್ತಿಗೆ ಬೆಂಕಿರೋಗ. ಅದಕ್ಕೆ ಕೀಟನಾಶಕದಿಂದ ಪ್ರಯೋಜನವಿಲ್ಲ.

6. ಹಾನಿ ಎಲ್ಲಿದೆ ಎಂಬುದನ್ನು ಗಮನಿಸಿ. ಕಾಡಿನ ಕಡೆಯ ಸಾಲುಗಳಲ್ಲಿ ಮಾತ್ರ ಇದ್ದು ಒಳಗೆ ಹೋದಂತೆ ಕಡಿಮೆಯಾದರೆ ಪ್ರಾಣಿ. ಗದ್ದೆಯ ನಡುವೆಯೂ ಅಲ್ಲಲ್ಲಿ ಚದುರಿದಂತೆ ಇದ್ದರೆ ಹುಳು. ಬದುವಿನ ಕೆಸರಿನಲ್ಲಿ ಮೇಕೆ ಮರಿಯ ಹೆಜ್ಜೆಯಂತಹ ಸೀಳು ಗೊರಸಿನ ಗುರುತು ಕಾಡುಕುರಿ ಬಂದುದನ್ನು ಹೇಳುತ್ತದೆ. ಆದರೆ ಬಂದದ್ದೆಲ್ಲ ತಿಂದದ್ದಲ್ಲ. ಹೆಜ್ಜೆ ಇದ್ದ ಮಾತ್ರಕ್ಕೆ ಒಣಗಿದ ಸುಳಿಯ ಅಪವಾದವನ್ನು ಅದರ ತಲೆಗೆ ಕಟ್ಟಬಾರದು.

ಪತಂಗದ ಹತೋಟಿ

ಹುಳು ಕಾಂಡದೊಳಗೆ ಹೊಕ್ಕ ಮೇಲೆ ಕೋಟೆಯೊಳಗೆ ಕುಳಿತಂತೆ. ಮೇಲಿನಿಂದ ಸಿಂಪಡಿಸಿದ ಔಷಧಿ ಅದನ್ನು ತಲುಪುವುದು ಕಷ್ಟ. ಹೊರಗಿರುವ ಜೇಡ, ಪರತಂತ್ರ ಕಣಜಗಳು ಮೊದಲು ಸಾಯುತ್ತವೆ. ಜೊತೆಗೆ ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಸೀಮೆಯಲ್ಲಿ ಸಿಂಪಡಿಸಿದ್ದು ಸಂಜೆಯ ಹೊತ್ತಿಗೆ ಹಳ್ಳ ಸೇರುವ ಸಂಭವವೇ ಹೆಚ್ಚು. ಆದುದರಿಂದ ಪತಂಗವನ್ನು ಅದು ದುರ್ಬಲವಾಗಿರುವ ಹಂತಗಳಲ್ಲಿ, ಅಂದರೆ ಕೂಳೆಯಲ್ಲಿ, ಮೊಟ್ಟೆಯಲ್ಲಿ ಮತ್ತು ಹಾರಾಟದಲ್ಲಿ ಹಿಡಿಯಬೇಕು.

ಕೂಳೆ: ಕೊಯ್ಲಿನ ನಂತರ ಹುಳುಗಳು ಕೂಳೆಯ ಬುಡದಲ್ಲಿ ಉಳಿಯುತ್ತವೆ. ಸಾಧ್ಯವಾದಷ್ಟು ನೆಲಮಟ್ಟಕ್ಕೆ ಕೊಯ್ದು, ಮಣ್ಣಿನಲ್ಲಿ ಹಸಿ ಇರುವಾಗಲೇ ಒಮ್ಮೆ ಉಳುಮೆ ಮಾಡಿ. ಒಬ್ಬರು ಮಾಡಿ ಪಕ್ಕದವರು ಬಿಟ್ಟರೆ ಫಲ ಕಡಿಮೆ. ಒಂದು ಬಯಲಿನವರೆಲ್ಲ ಸೇರಿ ಮಾಡಬೇಕು.

ಸಸಿಮಡಿ: ಮೊಟ್ಟೆಯ ಗುಂಪುಗಳು ಎಲೆಯ ತುದಿಯಲ್ಲೇ ಇರುವುದರಿಂದ ನಾಟಿಗೆ ಮುನ್ನ ಸಸಿಯ ತುದಿಯನ್ನು ಸ್ವಲ್ಪ ಕತ್ತರಿಸಿ, ಆ ತುದಿಗಳನ್ನು ಗದ್ದೆಯಿಂದ ದೂರ ಹಾಕಿ. ಖರ್ಚಿಲ್ಲದ ಕೆಲಸವಿದು. ಮಡಿಯಲ್ಲಿ ದುಂಡಾಣು ಎಲೆ ಅಂಗಮಾರಿ ಕಂಡಿದ್ದರೆ ಮಾತ್ರ ತುದಿ ಕತ್ತರಿಸಬಾರದು. ಗಾಯದ ಮೂಲಕ ರೋಗ ಹರಡುತ್ತದೆ. ನಾಟಿಗೆ ಮುನ್ನ ನಾವೇ ತುದಿ ಕತ್ತರಿಸಿದರೂ ಸಸಿ ಚೇತರಿಸಿಕೊಳ್ಳುವುದನ್ನು ಕಂಡವರು, ಅಂಚಿನಲ್ಲಿ ಕಾಡುಕುರಿ ತುದಿ ಮೇಯ್ದುದಕ್ಕೆ ಅತಿಯಾಗಿ ಹೆದರಬೇಕಾಗಿಲ್ಲ. ಹಾಗೆಂದು ಅದನ್ನು ಸಸಿಮಡಿಗೆ ಕರೆಯಬೇಕೆಂದೂ ಅಲ್ಲ!

ಗೊಬ್ಬರ: ಸಾರಜನಕ ಅತಿಯಾದ ಮೆದು ಪೈರಿಗೆ ಕೊರಕ ಹೆಚ್ಚು. ಯೂರಿಯಾವನ್ನು ಒಂದೇ ಸಲ ಸುರಿಯದೆ ಮೂರು ಕಂತುಗಳಲ್ಲಿ ಕೊಡಿ. ಮಳೆಗೆ ಕೊಚ್ಚಿಹೋಗುವ ನಷ್ಟವೂ ಇದರಿಂದ ತಗ್ಗುತ್ತದೆ.

ಮೋಹಕ ಬಲೆ: ಹೆಣ್ಣು ಪತಂಗದ ವಾಸನೆಯಿಂದ ಗಂಡುಗಳನ್ನು ಸೆಳೆಯುವ ಬಲೆಗಳು ದೊರೆಯುತ್ತವೆ. ಪತಂಗ ಬಂದಿದೆಯೇ ಎಂದು ತಿಳಿಯಲು ಎಕರೆಗೆ 2 ಸಾಕು. ಸಾಮೂಹಿಕವಾಗಿ ಹಿಡಿಯಲು 8 ಬೇಕು.

ಪರತಂತ್ರ ಜೀವಿ: ಟ್ರೈಕೋಗ್ರಾಮ ಜಪಾನಿಕಂ ಎಂಬ ಕಣಜದ ಕಾರ್ಡುಗಳನ್ನು ನಾಟಿಯಾದ 15 ದಿನಗಳ ನಂತರ ವಾರಕ್ಕೊಮ್ಮೆ, ಎಕರೆಗೆ 40,000ದಂತೆ, ಐದಾರು ಬಾರಿ ಬಿಡಬಹುದು. ಮಳೆ ಹೊಳವಾದ ದಿನ ನೋಡಿ, ಎಲೆಯ ಮರೆಯಲ್ಲಿ ಕಟ್ಟಬೇಕು. ಕಾರ್ಡು ಕಟ್ಟಿದ ಗದ್ದೆಗೆ ಕೀಟನಾಶಕ ಸಿಂಪಡಿಸಿದರೆ ಕಾರ್ಡಿಗೆ ಕೊಟ್ಟ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಔಷಧಿ: ಚದರ ಮೀಟರಿಗೆ ಒಂದು ಮೊಟ್ಟೆಯ ಗುಂಪು, ಅಥವಾ ನೂರು ತೆಂಡೆಗಳಲ್ಲಿ 5ರಿಂದ 10ರ ಸುಳಿ ಒಣಗಿದ್ದು ಕಂಡಾಗ ಮಾತ್ರ ಔಷಧಿಯ ಯೋಚನೆ ಮಾಡಿ. ಹರಳು ರೂಪದ ಕ್ಲೋರಾಂಟ್ರಾನಿಲಿಪ್ರೋಲ್ ಶೇ. 0.4ನ್ನು ಎಕರೆಗೆ 4 ಕಿಲೋಗ್ರಾಂ ಅಥವಾ ಕಾರ್ಟಾಪ್ ಹೈಡ್ರೋಕ್ಲೋರೈಡ್ ಶೇ. 4ನ್ನು ಎಕರೆಗೆ 7.5ರಿಂದ 10 ಕಿಲೋಗ್ರಾಂ ತೆಳುವಾಗಿ ನೀರು ನಿಲ್ಲಿಸಿ ಎರಚಬಹುದು. ನಾಲ್ಕೈದು ದಿನ ನೀರು ಹೊರಹೋಗದಂತೆ ಕಟ್ಟಿಹಾಕಬೇಕು. ತೆನೆ ಬೆಳ್ಳಗಾದ ಮೇಲೆ ಔಷಧಿ ಹಾಕುವುದು ಶುದ್ಧ ನಷ್ಟ. ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲಿದ್ದ ಫೋರೇಟ್ ಹರಳಿನ ಬಳಕೆಯನ್ನು 31 ಡಿಸೆಂಬರ್ 2020ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಹಳೆಯ ಪೊಟ್ಟಣ ಮೂಲೆಯಲ್ಲಿದ್ದರೆ ಉಪಯೋಗಿಸಬೇಡಿ. ಅದು ಹುಳುವಿಗಷ್ಟೇ ಅಲ್ಲ, ಹಕ್ಕಿಗೆ, ದನಕ್ಕೆ, ಮನುಷ್ಯನಿಗೂ ಘೋರ ವಿಷ.

ಕಾಡುಕುರಿಯಿಂದ ರಕ್ಷಣೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಕುರಿಯೂ ಬರ್ಕವೂ ರಕ್ಷಿತ ಪ್ರಾಣಿಗಳು. ಗುಂಡು ಹೊಡೆಯುವುದು ಮಾತ್ರವಲ್ಲ. ಉರುಳು ಕಟ್ಟುವುದು, ಬಲೆ ಒಡ್ಡುವುದು, ವಿಷ ಇಡುವುದು ಎಲ್ಲವೂ ಈ ಕಾಯ್ದೆಯಲ್ಲಿ ಬೇಟೆಯೆಂದೇ ಪರಿಗಣಿತ. ಜೈಲು ಶಿಕ್ಷೆ ಮತ್ತು ದಂಡಕ್ಕೆ ಕಾರಣ. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಗಿ ಶಿಕಾರಿಯ ಪರವಾನಗಿಯಲ್ಲ. ಹಂದಿಗೆಂದು ಕಟ್ಟಿದ ಉರುಳು ಹಂದಿಯನ್ನೇ ಹುಡುಕಿ ಹಿಡಿಯುವುದಿಲ್ಲ. ಆ ಕಂಡಿಯಲ್ಲಿ ನುಸುಳುವ ಕಾಡುಕುರಿಯನ್ನೂ ನಿಮ್ಮದೇ ನಾಯಿಯನ್ನೂ ಹಿಡಿಯುತ್ತದೆ. ಮನೆಯ ಅಥವಾ ಕಂಬದ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹಾಯಿಸುವುದಂತೂ ನೆರೆಯವರ ಪ್ರಾಣಕ್ಕೇ ಕುತ್ತು.

ಉರುಳು ಕಟ್ಟಲು ತರಗೆಲೆಯ ಕಾನಿಗೆ ನುಗ್ಗುವವರಿಗೆ ಇನ್ನೊಂದು ಅಪಾಯವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. 2018-19ರ ಸಾಲಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅದರಿಂದ ಪಟ್ಟ ಸಂಕಟ ಎಲ್ಲರಿಗೂ ನೆನಪಿದೆ. ಡಿಸೆಂಬರಿನಿಂದ ಮೇ ತನಕ ಈ ಕಾಯಿಲೆಯ ಕಾಲ. ಕಾಡುಪ್ರಾಣಿಗಳ ಮೈಮೇಲೆ ಉಣುಗು ಇರುವುದು ಸಹಜವಾದುದರಿಂದ ಸತ್ತ ಪ್ರಾಣಿಯನ್ನು ಮುಟ್ಟಲೂ ಬಾರದು.

ಹಾಗಾದರೆ ಪೈರು ಉಳಿಸುವುದು ಹೇಗೆ? ಹಾನಿ ಅಂಚಿನಲ್ಲಿ ಮಾತ್ರ ಆಗುವುದರಿಂದ ಕಾವಲೂ ಅಂಚಿಗೆ ಸಾಕು.

1. ಕಾಡಿನ ಕಡೆಯ ಬೇಲಿಯ ಬುಡವನ್ನು ಮೊದಲು ಭದ್ರಪಡಿಸಿ. ಮೇಲೆ ಎತ್ತರವಿದ್ದು ಕೆಳಗೆ ಸಂದಿರುವ ಬೇಲಿ ಕಾಡುಕುರಿಗೆ ಬಾಗಿಲಿದ್ದಂತೆ. ಬಿದಿರುಗಳ, ಮುಳ್ಳಿನ ಗೆಲ್ಲುಗಳನ್ನು ಬುಡಕ್ಕೆ ಒತ್ತಾಗಿ ಕಟ್ಟಿ. ದಣಪೆಯನ್ನು ಸಂಜೆಗೇ ಹಾಕಿ.

2. ಗೊಬ್ಬರದ ಗಿಡವನ್ನು ಒತ್ತಾಗಿ ನೆಟ್ಟು ಜೀವಂತ ಬೇಲಿ ಮಾಡಿ. ಬೇಲಿಗೆ ಬೇಲಿ, ಗದ್ದೆಗೆ ಹಸಿರೆಲೆ ಗೊಬ್ಬರ.

3. ಅಗಳು ತೆಗೆಸಿದ್ದಲ್ಲಿ ಮಳೆಗೆ ಕುಸಿದ ಜಾಗಗಳನ್ನು ಪ್ರತಿ ವರ್ಷ ಸರಿಪಡಿಸಿ. ಪ್ರಾಣಿ ದಾಟುವುದು ಅಂತಹ ಒಂದು ಜಾಗದಲ್ಲೇ.

4. ಸೌರ ಬೇಲಿ ಹಾಕಿಸುವವರು ಕ್ಷಣಮಾತ್ರ ಮಿಡಿಯುವ ಪ್ರಮಾಣಿತ ಯಂತ್ರವನ್ನೇ ಬಳಸಬೇಕು. ಇದು ಪ್ರಾಣಿಯನ್ನು ಹೆದರಿಸುತ್ತದೆ, ಕೊಲ್ಲುವುದಿಲ್ಲ. ತಂತಿಗೆ ಬಳ್ಳಿ ತಾಗದಂತೆ ಆಗಾಗ ಸವರಬೇಕು.

5. ಹಳೆಯ ಮೀನಿನ ಬಲೆಗಳನ್ನು ಬೇಲಿಯಾಗಿ ಕಟ್ಟಬೇಡಿ. ಪ್ರಾಣಿಗಳು ಸಿಕ್ಕಿ ಸಾಯುತ್ತವೆ.

6. ಹೊಸ ಅಡಿಕೆ ಸಸಿಗೆ ಇರುವುದು ಒಂದೇ ಸುಳಿ. ಭತ್ತದಂತೆ ತೆಂಡೆ ಒಡೆಯುವುದಿಲ್ಲ. ಕಾಡಿನ ಅಂಚಿನ ಸಸಿಗಳಿಗೆ ಮೊದಲ ವರ್ಷಗಳಲ್ಲಿ ಬಿದಿರಿನ ತಟ್ಟಿ ಅವಶ್ಯ.

7. ಸೆಪ್ಟೆಂಬರಿಗೆ ಮುಂಚೆ ಅಂಚಿನ ಪೈರು ಮೇಯಿಸಿಕೊಂಡಿದ್ದರೆ ಅಲ್ಲಿ ನೀರು ತೆಳುವಾಗಿ ನಿಲ್ಲಿಸಿ, ಮುಂದಿನ ಕಂತಿನ ಗೊಬ್ಬರವನ್ನು ಆ ಭಾಗಕ್ಕೆ ಸಕಾಲದಲ್ಲಿ ಕೊಡಿ. ಬುಡವೇ ಹೋದಲ್ಲಿ ಪಕ್ಕದ ದೊಡ್ಡ ಬುಡಗಳಿಂದ ತೆಂಡೆ ಕಿತ್ತು ನೆಡಿ.

ಕಾಡುಪ್ರಾಣಿಗಳಿಂದಾದ ಬೆಳೆ ಹಾನಿಗೆ ಅರಣ್ಯ ಇಲಾಖೆಯ ಪರಿಹಾರ ಪದ್ಧತಿಯಿದೆ. ಯಾವ ಪ್ರಾಣಿಯ ಹಾನಿಗೆ ಎಷ್ಟು ಎಂಬುದನ್ನು ನಿಮ್ಮ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಹಾಕುವಾಗಲೂ ಹಾನಿ ಮಾಡಿದವರು ಯಾರೆಂದು ಸರಿಯಾಗಿ ಗುರುತಿಸಿದವರ ಮಾತಿಗೆ ಬೆಲೆ ಹೆಚ್ಚು.

ಇಬ್ಬರಿಗೂ ಒಂದೊಂದು ಮಾತು

ಪತಂಗಗಳೆಲ್ಲ ವೈರಿಗಳೆಂದು ತಿಳಿಯಬಾರದು. ರೇಷ್ಮೆ ಕೊಡುವುದೂ ಪತಂಗವೇ. ನಮ್ಮ ಕಾನುಗಳಲ್ಲಿ ಅಂಗೈಗಿಂತ ಅಗಲವಾದ ರೆಕ್ಕೆಯ ಅಟ್ಲಾಸ್ ಪತಂಗವೂ ಇದೆ. ಅದರಿಂದ ಭತ್ತಕ್ಕೆ ಯಾವ ತೊಂದರೆಯೂ ಇಲ್ಲ. ಕಾಡುಕುರಿಯೂ ಸುಮ್ಮನೆ ತಿಂದು ತಿರುಗುವ ಪ್ರಾಣಿಯಲ್ಲ. ಉದುರಿದ ನೆಲ್ಲಿಕಾಯಿಯನ್ನು ನುಂಗಿ, ಬೇರೆಲ್ಲೋ ಮಲಗಿ ಮೆಲುಕು ಹಾಕುವಾಗ ಅದರ ಬೀಜವನ್ನು ಉಗುಳುತ್ತದೆ. ಸೊಪ್ಪಿನ ಬೆಟ್ಟದಲ್ಲಿ ಯಾರೂ ನೆಡದೆ ಹುಟ್ಟಿದ ನೆಲ್ಲಿಗಿಡದ ಹಿಂದೆ ಇಂತಹ ಪ್ರಾಣಿಯ ಪಾಲಿರಬಹುದು. ಚಿರತೆ, ಕಾಡುನಾಯಿಗಳ ಆಹಾರ ಕಾಡಿನಲ್ಲೇ ಇದ್ದಷ್ಟೂ ನಮ್ಮ ಕೊಟ್ಟಿಗೆಯ ಕರುವಿಗೆ ಒಳ್ಳೆಯದು.

ಒಂದು ಜೀವಿ ವಾರ ಬದುಕಿ ನೂರಾರು ಮೊಟ್ಟೆ ಇಡುತ್ತದೆ. ಇನ್ನೊಂದು ವರ್ಷಗಟ್ಟಲೆ ಬದುಕಿ ಒಂದೊಂದೇ ಮರಿ ಹಾಕುತ್ತದೆ. ಮೊದಲನೆಯದನ್ನು ಪ್ರತಿ ಹಂಗಾಮಿನಲ್ಲಿ ಕೂಳೆಯಲ್ಲಿ, ಮೊಟ್ಟೆಯಲ್ಲಿ ತಗ್ಗಿಸುತ್ತಿರಬೇಕು. ಎರಡನೆಯದನ್ನು ಬೇಲಿಯಾಚೆ ಇರಗೊಡಬೇಕು. ರೈತ ಬಾಂಧವರು ಈ ವರ್ಷ ಒಣಗಿದ ಸುಳಿ ಕಂಡಾಗ ಮಾಡಬೇಕಾದ ಮೊದಲ ಕೆಲಸ ಒಂದೇ: ಗದ್ದೆಗಿಳಿದು ಅದನ್ನು ಎರಡು ಬೆರಳಿನಿಂದ ಎಳೆದು ನೋಡುವುದು. ಸಂದೇಹವಿದ್ದಲ್ಲಿ ಆ ತೆಂಡೆಯನ್ನು ಬುಡಸಹಿತ ಕಿತ್ತು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ. ಉರುಳಿಗೂ ಔಷಧಿಗೂ ಕೈ ಹಾಕುವ ಮೊದಲು ಇಷ್ಟು ಮಾಡಿದಲ್ಲಿ ಹಣವೂ ಉಳಿಯುತ್ತದೆ, ಪೈರೂ ಉಳಿಯುತ್ತದೆ, ಕಾನಿನಲ್ಲಿ ಮುಸ್ಸಂಜೆಯ ಆ ಕೂಗೂ ಉಳಿಯುತ್ತದೆ.